ಮಿಟ್ಟಿ ಕೆಫೆಯ ಚಹಾ, ಮತ್ತು ಸಣ್ಣ ಸಂಸ್ಥೆಗಳಿಗೆ ಸಿಗಬೇಕಾದ ಗಿರಾಕಿಗಳು

ಬೆಂಗಳೂರು ವಿಮಾನ ನಿಲ್ದಾಣದ ಮಿಟ್ಟಿ ಕೆಫೆ ಬಗ್ಗೆ ಮಾತೆತ್ತಿದರೆ ಎಲ್ಲರೂ ಮೊದಲು ಮನ ಕರಗಿಸುವ ಕಥೆಯನ್ನೇ ಹೇಳುತ್ತಾರೆ. ನಾನು ಚಹಾದಿಂದ ಶುರು ಮಾಡುತ್ತೇನೆ. ಬಿಸಿಯಾಗಿತ್ತು, ಗಟ್ಟಿಯಾಗಿತ್ತು, ಸಕ್ಕರೆ ಕೇಳಿದಷ್ಟೇ ಇತ್ತು. ಸ್ಯಾಂಡ್‌ವಿಚ್ ಕೂಡ ಹದವಾಗಿ ಟೋಸ್ಟ್ ಆಗಿತ್ತು. ವಿಮಾನ ಹತ್ತುವ ಮುಂಚೆ ಇನ್ನೇನು ಬೇಕು ಹೇಳಿ?

ಇಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರಿಗೆ ಒಂದಲ್ಲ ಒಂದು ಅಂಗವೈಕಲ್ಯ ಇದೆ. ಕೌಂಟರ್‌ನಲ್ಲಿದ್ದ ಹುಡುಗನಿಗೆ ಕಿವಿ ಕೇಳುವುದಿಲ್ಲ. ನಾನು ಮೆನು ಮೇಲೆ ಬೆರಳಿಟ್ಟೆ. ಅವನು ಎರಡು ಬೆರಳೆತ್ತಿ ಹುಬ್ಬೇರಿಸಿದ, ಎರಡಾ ಅಂತ. ಒಂದು ಬೆರಳು ತೋರಿಸಿದೆ. ಆಮೇಲೆ ಚಿಟಿಕೆ ಹಿಡಿದು ಸಕ್ಕರೆ ಎಷ್ಟು ಅಂತ ಕೇಳಿದ, ಕಮ್ಮಿ ಅಂತ ಸನ್ನೆ ಮಾಡಿದೆ, ಅಷ್ಟರಲ್ಲಿ ಬಿಲ್ ಬಂತು. ಎಷ್ಟೋ ದೊಡ್ಡ ಹೋಟೆಲುಗಳಲ್ಲಿ ಎರಡೆರಡು ಸಲ ಹೇಳಿದರೂ ಸಕ್ಕರೆ ಸುರಿದೇ ತರುತ್ತಾರೆ. ನನ್ನ ಹಿಂದೆ ನಿಂತವರು ಮಾತ್ರ ಅವನಿಗೆ ಕೇಳಲಿ ಅಂತ ದನಿ ಏರಿಸುತ್ತಲೇ ಇದ್ದರು. ದಯವಿಟ್ಟು ಹಾಗೆ ಮಾಡಬೇಡಿ, ಎದುರಿಗೆ ನಿಂತು ಮೆನು ತೋರಿಸಿದರೆ ಸಾಕು.

ಮಿಟ್ಟಿ ಕೆಫೆ ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ, 2017ರಲ್ಲಿ. ಅಲೀನಾ ಆಲಂ ಎನ್ನುವ ಯುವತಿ ಕಾಲೇಜ್ ಕ್ಯಾಂಪಸ್ಸೊಂದರಲ್ಲಿ ಶುರು ಮಾಡಿದರು. ಕೈಯಲ್ಲಿ ದುಡ್ಡಿರಲಿಲ್ಲ, ಹೋಟೆಲ್ ನಡೆಸಿ ಗೊತ್ತಿರಲಿಲ್ಲ. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆವರಣದಲ್ಲೂ ಮಿಟ್ಟಿ ಕೆಫೆ ತೆರೆಯಿತು, ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರೇ ಉದ್ಘಾಟಿಸಿದರು. ಟಿವಿ, ಪೇಪರ್ ಎಲ್ಲದರಲ್ಲೂ ಬಂತು. ಬಹಳ ಖುಷಿಯಾಯಿತು.

ಆದರೆ ನನಗೆ ಜಾಸ್ತಿ ನೆನಪಾಗುವುದು ಹುಬ್ಬಳ್ಳಿಯ ಮೊದಲ ದಿನಗಳು. ಹೆಸರೇ ಇಲ್ಲದ ಕಾಲದಲ್ಲಿ ಯಾರೋ ಜಾಗ ಕೊಟ್ಟರು, ಓದುವ ಹುಡುಗರು ಬಂದು ದುಡ್ಡು ಕೊಟ್ಟು ತಿಂದರು. ಈಗ ಆ ಹಂತದಲ್ಲಿರುವ, ಅಂಗವಿಕಲರಿಗೆ ಕೆಲಸ ಕಲಿಸುವ ಸಣ್ಣ ಟ್ರಸ್ಟ್‌ಗಳು ನಮ್ಮ ಜಿಲ್ಲೆಗಳಲ್ಲಿ ಎಷ್ಟಿವೆ! ಅವರನ್ನು ಯಾರು ನೋಡುತ್ತಾರೆ? ದೊಡ್ಡ ಕಂಪನಿಗಳು ಲಾಭದ 2% ಸಮಾಜಕ್ಕೆ ಕೊಡಬೇಕು ಅಂತ 2013ರ ಕಂಪನಿ ಕಾಯ್ದೆಯಲ್ಲೇ ಇದೆ. ಆ ದುಡ್ಡು ಪಡೆಯಬೇಕಾದರೆ ಆದಾಯ ತೆರಿಗೆ ಇಲಾಖೆಯಲ್ಲಿ, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಅಂತ ನೋಂದಣಿಗಳು ಬೇಕು, ಆಡಿಟ್ ಬೇಕು, ಚೆಂದದ ರಿಪೋರ್ಟ್ ಬೇಕು. ಲೆಕ್ಕಪತ್ರ ಬೇಕು, ಸರಿ, ದುಡ್ಡು ಕೊಡುವವರು ಕೇಳಲೇಬೇಕು. ಆದರೆ ಬೆಳಿಗ್ಗೆ ಅಡುಗೆ ಮಾಡಿ, ಮಧ್ಯಾಹ್ನ ಮಕ್ಕಳಿಗೆ ಕೆಲಸ ಕಲಿಸಿ, ಸಂಜೆ ಅವರನ್ನು ಬಸ್ ಹತ್ತಿಸುವ ಮೂರು ಜನ ಇದನ್ನೆಲ್ಲ ಬರೆಯುವುದು ಯಾವಾಗ? ಅರ್ಜಿ ತುಂಬೋಕೂ ಒಬ್ಬರು ಬೇಕಲ್ವಾ!

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸಿದೆ, ಸರ್ಕಾರಿ ಕೆಲಸದಲ್ಲಿ 4% ಮೀಸಲಿಟ್ಟಿದೆ. ಓದು ಅರ್ಧಕ್ಕೇ ನಿಂತ ಹುಡುಗಿಗೆ ಅದರಿಂದ ಏನು ಸಿಗುತ್ತದೆ? ಅವಳಿಗೆ ಕೆಲಸ ಕಲಿಸಿ ತಿಂಗಳಿಗೆ ಸಂಬಳ ಕೊಡುವವರು ಇಂಥ ಸಂಸ್ಥೆಗಳೇ.

ಅದಕ್ಕೇ ನನ್ನ ಶಿಫಾರಸು ಸುಲಭ. ಏರ್‌ಪೋರ್ಟ್‌ಗೆ ಹೋದರೆ ಇಲ್ಲೇ ಚಹಾ ಕುಡಿಯಿರಿ, ರುಚಿಗೆ ಐದಕ್ಕೆ ನಾಲ್ಕೂವರೆ. ಆಫೀಸ್ ಮೀಟಿಂಗ್‌ಗೆ ತಿಂಡಿ, ಹಬ್ಬಕ್ಕೆ ಹಣತೆ, ಮದುವೆಗೆ ಬಟ್ಟೆ ಚೀಲ ಬೇಕಾದರೆ ನಿಮ್ಮೂರಿನ ಇಂಥ ಒಂದು ಸಂಸ್ಥೆಯನ್ನು ಮೊದಲು ವಿಚಾರಿಸಿ. ಚೌಕಾಸಿ ಮಾಡಬೇಡಿ, ಬಿಲ್ ಆ ದಿನವೇ ಕಟ್ಟಿ. ಮಾಲು ಚೆನ್ನಾಗಿದ್ದರೆ ಅಂಗಡಿ ಹೆಸರು ಹಾಕಿ ನಾಲ್ಕು ಸಾಲು ರಿವ್ಯೂ ಬರೆಯಿರಿ, ಮತ್ತೆ ಆರ್ಡರ್ ಕೊಡಿ.