ತುಮಕೂರಿನಲ್ಲಿ ಸಿಗುವ ರೆಡಿಮೇಡ್ ಗುಬ್ಬಿ ಗೂಡು: ಕೊಳ್ಳುವ ಮುಂಚೆ ತೂತು ಅಳೆಯಿರಿ

ಊರಿನ ನರ್ಸರಿಗಳಲ್ಲಿ, ಸಾಕುಪ್ರಾಣಿ ಸಾಮಾನಿನ ಅಂಗಡಿಗಳಲ್ಲಿ ಮುನ್ನೂರು-ನಾನೂರು ರೂಪಾಯಿಗೆ ಸಿಗುವ ಗುಬ್ಬಿ ಗೂಡು ನೋಡಲು ಅಂದವಾಗಿದೆ. ಕೆಂಪು ಚಾವಣಿ, ಹಳದಿ ಗೋಡೆ, ತೂತಿನ ಕೆಳಗೊಂದು ಪುಟ್ಟ ಕಡ್ಡಿ. ತಂದದ್ದನ್ನು ಹಾಗೇ ನೇತುಹಾಕಿದರೆ ಹಕ್ಕಿ ಸಂಸಾರ ಹೂಡುವುದು ಕಷ್ಟ. ಒಂದು ಗಂಟೆ ಕೈಕೆಲಸ ಮಾಡಿದರೆ ಒಂದೆರಡು ವರ್ಷದ ಮಟ್ಟಿಗೆ ಸರಿಹೋಗುತ್ತದೆ.

ಮೊದಲ ದೋಷ ತೂತಿನದೇ. ಗುಬ್ಬಚ್ಚಿಗೆ 32 ಮಿ.ಮೀ., ಅಂದರೆ ಒಂದೂಕಾಲು ಇಂಚು ಸಾಕು. ಇದರದು 45 ಮಿ.ಮೀ. ಅಷ್ಟಗಲ ಇದ್ದರೆ ಗೊರವಂಕ ನುಗ್ಗಿ ಗುಬ್ಬಿಯನ್ನು ಹೊರಗಟ್ಟುತ್ತದೆ, ಅಳಿಲು ಮೊಟ್ಟೆಗೆ ಬಾಯಿ ಹಾಕುತ್ತದೆ. ಅಂಗೈಯಗಲದ ತೆಳು ಹಲಗೆಗೆ 32ರ ಹೋಲ್ ಸಾನಲ್ಲಿ (ಡ್ರಿಲ್ಲಿಗೆ ಹಾಕುವ ದುಂಡು ಗರಗಸ) ತೂತು ಕೊರೆದು, ಹಳೇ ತೂತಿನ ಮೇಲೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿ. ಮಡಿವಾಳ ಹಕ್ಕಿ ಬರಲಿ ಎನ್ನುವವರು 45ನ್ನೇ ಬಿಡಬಹುದು, ಆದರೆ ಗೊರವಂಕವೂ ಬರುತ್ತದೆ. ‘ಎಲ್ಲ ಹಕ್ಕಿಗೂ ಸೂಕ್ತ’ ಎಂಬ ಚೀಟಿಯನ್ನು ನಂಬಬೇಡಿ. ಪಿಕಳಾರ ಗಿಡದ ಕವಲಲ್ಲಿ ಬಟ್ಟಲು ಗೂಡು ಕಟ್ಟುತ್ತದೆ, ಸೂರಕ್ಕಿ ತನ್ನ ಜೋಲುಗೂಡನ್ನು ತಾನೇ ನೇಯುತ್ತದೆ. ಎರಡೂ ಪೆಟ್ಟಿಗೆಯೊಳಗೆ ಕಾಲಿಡುವುದಿಲ್ಲ.

ಕಡ್ಡಿಯನ್ನು ಕಿತ್ತುಬಿಡಿ. ಗುಬ್ಬಿ ಹಾರಿಬಂದು ತೂತಿನ ಅಂಚನ್ನೇ ಉಗುರಿನಿಂದ ಹಿಡಿಯುತ್ತದೆ. ಕಡ್ಡಿ ಬೇಕಾಗುವುದು ಮರಿ ಕದಿಯಲು ಬರುವ ಕಾಗೆಗೆ.

ಇನ್ನು ಹಲಗೆ. 6 ಮಿ.ಮೀ. ಎಂಡಿಎಫ್, ಅಂದರೆ ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ. ಏಪ್ರಿಲ್ ಬಿಸಿಲಿಗೆ ಇಷ್ಟು ತೆಳು ಗೋಡೆ ತಡೆಯಾಗದು, ಕೂಸುಮರಿಗಳು ಒಳಗೇ ಬೇಯುತ್ತವೆ. ಮಳೆಗೆ ಅಂಚುಗಳು ಬ್ರೆಡ್ಡಿನಂತೆ ಉಬ್ಬಿ, ಸ್ಕ್ರೂ ಹಿಡಿತ ಸಡಿಲಾಗಿ, ಕೊನೆಗೆ ತಳವೇ ಕಳಚುತ್ತದೆ. ತಳದಲ್ಲಿ ನೀರು ಬಸಿಯಲು ತೂತೂ ಇಲ್ಲ. ನಾಲ್ಕು ಮೂಲೆಗೆ 6 ಮಿ.ಮೀ.ನ ಒಂದೊಂದು, ಗಾಳಿಯಾಡಲು ಚಾವಣಿಯ ಕೆಳಗೆ ಎರಡೂ ಪಕ್ಕಕ್ಕೆ ಎರಡೆರಡು ಕೊರೆಯಿರಿ. ಒಳಮೈ ಬಣ್ಣ ಬಳಿದು ನುಣುಪಾಗಿದೆ. ರೆಕ್ಕೆ ಬಲಿತ ಮರಿ ತೂತಿನವರೆಗೆ ಹತ್ತಬೇಕಲ್ಲ? ಉಗುರು ಕಚ್ಚದೆ ಮತ್ತೆ ಮತ್ತೆ ಜಾರುತ್ತದೆ. ಗರಗಸದ ಮೊನೆಯಿಂದ ತೂತಿನ ಕೆಳಗೆ, ಒಳಗಡೆ, ಬೆರಳಗಲಕ್ಕೊಂದರಂತೆ ಅಡ್ಡ ಗೀರು ಎಳೆಯಿರಿ. ಇಷ್ಟೆಲ್ಲ ಮಾಡಿದರೂ ತೆಳು ಹಲಗೆ ದಪ್ಪವಾಗುವುದಿಲ್ಲ, ಹಾಗಾಗಿ ಇದು ಸೂರಿನ ನೆರಳಿಗೆ ಮಾತ್ರ.

ಅದೇ ದುಡ್ಡಿಗೆ ಬಡಗಿಯ ಹತ್ತಿರ ಮಾಡಿಸುವುದೇ ಮೇಲು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಆರಿಂಚು ಅಗಲ, ಮುಕ್ಕಾಲಿಂಚು ದಪ್ಪದ ಸಿಲ್ವರ್ ಓಕ್ ಅಥವಾ ಹಲಸಿನ ಹಲಗೆ ಐದಡಿ ಸಾಕು. ಹಿಂಬದಿಗೆ 15 ಇಂಚು, ಮುಂಬದಿಗೆ 8, ಚಾವಣಿಗೆ 8.5, ತಳಕ್ಕೆ 4.5. ಪಕ್ಕದ ಎರಡು ಹಲಗೆಗೆ 18 ಇಂಚಿನ ತುಂಡು ತೆಗೆದುಕೊಂಡು, ಒಂದು ಅಂಚಿನಲ್ಲಿ 10, ಎದುರಂಚಿನಲ್ಲಿ 8 ಇಂಚಿಗೆ ಗುರುತು ಹಾಕಿ ಓರೆಯಾಗಿ ಕೊಯ್ದರೆ ಎರಡೂ ಒಂದೇ ಏಟಿಗೆ ಬರುತ್ತವೆ. ಚಾವಣಿಯ ಇಳಿಜಾರೂ ತಾನಾಗಿಯೇ ಸಿಗುತ್ತದೆ. ತೂತಿನ ನಡುಬಿಂದು ಮುಂಬದಿ ಹಲಗೆಯ ಮೇಲಂಚಿನಿಂದ ಎರಡಿಂಚು ಕೆಳಗಿರಲಿ. ತೂತಿನಿಂದ ತಳಕ್ಕೆ ನಾಲ್ಕೂವರೆ ಇಂಚಾದರೂ ಆಳ ಇಲ್ಲದಿದ್ದರೆ ಬೆಕ್ಕಿನ ಪಂಜಾ ಮರಿಗೆ ಎಟುಕುತ್ತದೆ. ಒಳಗೆ ವಾರ್ನಿಷ್ ಬೇಡ. ಮೊಳೆಗಿಂತ ಒಂದೂವರೆ ಇಂಚಿನ ಸ್ಕ್ರೂ ಒಳ್ಳೆಯದು, ಒಂದು ಪಕ್ಕ ಬಿಚ್ಚಿ ತೊಳೆಯಲು ಬರಬೇಕು. ಅಂಗಡಿಯಲ್ಲೇ ಇಟ್ಟಿರುವ ಮಡಕೆ ಗೂಡು ತಂಪೇನೋ ಹೌದು, ಆದರೆ ಬಿಚ್ಚಿ ತೊಳೆಯಲು ದಾರಿಯಿಲ್ಲ.

ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ, ಎಂಟರಿಂದ ಹತ್ತಡಿ ಎತ್ತರದಲ್ಲಿ, ಸೂರಿನಡಿ ಗೋಡೆಗೆ ಅಲುಗದಂತೆ ಬಿಗಿಯಿರಿ. ದಾರದಲ್ಲಿ ತೂಗುವ ಗೂಡನ್ನು ಗುಬ್ಬಿ ಇಷ್ಟಪಡುವುದಿಲ್ಲ. ಕೆಳಗೆ ಕಾಂಪೌಂಡ್ ಗೋಡೆಯೋ ಏಸಿ ಪೆಟ್ಟಿಗೆಯೋ ಇದ್ದರೆ ಬೆಕ್ಕಿಗೆ ಮೆಟ್ಟಿಲಾಗುತ್ತದೆ. ಫ್ಯಾನ್ ತಿರುಗುವ ವರಾಂಡದಲ್ಲಂತೂ ದಯವಿಟ್ಟು ಹಾಕಲೇಬೇಡಿ, ರೆಕ್ಕೆಗೆ ಸಿಕ್ಕಿ ಸಾಯುತ್ತವೆ. ಗುಬ್ಬಿಗಳು ಗುಂಪಿನ ಜೀವಿ, ಪಕ್ಕಪಕ್ಕ ಎರಡು-ಮೂರು ಗೂಡು ಹಾಕಿದರೆ ಜಗಳವಿಲ್ಲ. ಒಳಗೆ ನೀವೇನೂ ತುಂಬಬೇಕಿಲ್ಲ. ಅಂಗಳದ ಮೂಲೆಯಲ್ಲಿ ಒಂದು ಹಿಡಿ ತೆಂಗಿನ ನಾರು, ಒಣಹುಲ್ಲು ಇಡಿ. ತನ್ನ ಮೈಗಿಂತ ಉದ್ದದ ಎಳೆಯನ್ನು ಕೊಕ್ಕಿನ ನಡುವೆ ಕಚ್ಚಿ, ತೂತಿನಲ್ಲಿ ಅಡ್ಡ ಸಿಕ್ಕಿಕೊಂಡಾಗ ಬಿಟ್ಟು, ತುದಿ ಹಿಡಿದು ಮತ್ತೆ ಒಳಗೆಳೆಯುತ್ತದೆ. ಮರಿಗೆ ಹುಳುವೇ ಆಹಾರ, ಹಾಗಾಗಿ ಅಂಗಳದ ಗಿಡಗಳಿಗೆ ಕೀಟನಾಶಕ ಹೊಡೆಯಬೇಡಿ.

ಮೊಟ್ಟೆ ಕಾವಿಗೆ ಸುಮಾರು ಎರಡು ವಾರ, ಮರಿ ಹಾರಲು ಇನ್ನೆರಡು ವಾರ. ಅಷ್ಟೂ ದಿನ ಮುಚ್ಚಳ ತೆಗೆದು ಇಣುಕಬಾರದು. ಹಾರಿಹೋದ ಮೇಲೆ, ಅದೇ ಜೋಡಿ ಮತ್ತೆ ನಾರು ಹೊರಲು ಶುರುಮಾಡಿಲ್ಲವೆಂದು ಖಾತ್ರಿಯಾದರೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಳೇ ಕಸ ತೆಗೆದು ಕುದಿನೀರಲ್ಲಿ ತೊಳೆಯಿರಿ. ಫಿನಾಯಿಲ್ ಬೇಡ. ಬಿಸಿಲಿಗೆ ಪೂರ್ತಿ ಒಣಗಿಸಿ, ತೆಗೆದ ಜಾಗಕ್ಕೇ ಹಾಕಿ.