ಓದುಗರ ದುಡ್ಡಿನ ಸುದ್ದಿತಾಣ: ಚಂದಾನಾ, ದೇಣಿಗೆನಾ?

ಸುದ್ದಿಗೆ ತಿಂಗಳಿಗೆ ಇನ್ನೂರು ರೂಪಾಯಿ ಎತ್ತಿಡುತ್ತೇನೆ, ಯಾರಿಗೆ ಕೊಡಲಿ ಅಂತ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಗೆಳೆಯರೊಬ್ಬರು ಕೇಳಿದರು. ಅವರ ಮುಂದಿದ್ದದ್ದು ಮೂರು ಸುದ್ದಿತಾಣಗಳ ಹೆಸರು: ನ್ಯೂಸ್‌ಲಾಂಡ್ರಿ, ದಿ ವೈರ್, ಈದಿನ.

ದುಡ್ಡಿನ ಲೆಕ್ಕ ಮೊದಲು. 2012ರಲ್ಲಿ ಶುರುವಾದ ನ್ಯೂಸ್‌ಲಾಂಡ್ರಿ ಜಾಹೀರಾತು ತೆಗೆದುಕೊಳ್ಳುವುದಿಲ್ಲ, ಚಂದಾದಾರರಿಗಷ್ಟೇ ತೆರೆಯುವ ಬರಹಗಳೂ ಇವೆ. ಕೊಟ್ಟದ್ದಕ್ಕೆ ಏನಾದರೂ ಕೈಗೆ ಸಿಗಬೇಕು ಅನ್ನುವವರಿಗೆ ಇದು ಸರಿ. 2015ರ ದಿ ವೈರ್ ಎಲ್ಲರಿಗೂ ಪುಕ್ಕಟೆ, ದೇಣಿಗೆಯಿಂದ ನಡೆಯುತ್ತದೆ. ಕೈಯಲ್ಲಿದ್ದಾಗ ಕೊಡಿ, ಇಲ್ಲದಾಗ ಸುಮ್ನೆ ಓದಿ. ಅಡಿಕೆ ಮಾರಿದಾಗಷ್ಟೇ ದುಡ್ಡು ಕಾಣುವ ಮನೆಗೆ ಇದೇ ಹಗುರ ಅಲ್ವಾ?

ಭಾಷೆಯ ಮಾತು ಬಂದರೆ ನನ್ನ ಮನಸ್ಸು ಈದಿನದ ಕಡೆ ವಾಲುತ್ತದೆ. ಕನ್ನಡದಲ್ಲೇ ಬರೆಯುತ್ತದೆ, ಅಮ್ಮನಿಗೂ ಕಳಿಸಬಹುದು. 2023ರ ಕರ್ನಾಟಕ ಚುನಾವಣೆಗೆ ಮುಂಚೆ ತಾನೇ ಸಮೀಕ್ಷೆ ಮಾಡಿತ್ತು. ಆದರೆ ಅದರ ಕಣ್ಣು ಹೆಚ್ಚಾಗಿ ಕರ್ನಾಟಕದ ಮೇಲೆ. ಕಾಸರಗೋಡಿನ ನಾವು 1956ರಿಂದ ಕೇರಳದವರು. ಕುಂಬಳೆ ಪಂಚಾಯತಿನ ಸುದ್ದಿಯೇ ಬೇಕಿದ್ದರೆ ಊರಿನ ಪತ್ರಿಕೆ ತರಿಸುವುದು ಮೇಲು.

ಆಟೋಪೇ, ಅಂದರೆ ಪ್ರತಿ ಸಲ ದುಡ್ಡು ತಾನಾಗಿಯೇ ಹೋಗುವ ವ್ಯವಸ್ಥೆ, ಹಾಕಿದರೆ ದುಡ್ಡು ಕಡಿತವಾಗುವ 24 ಗಂಟೆ ಮುಂಚೆ ಸಂದೇಶ ಬರುತ್ತದೆ, ಬೇಡವಾದರೆ ನಿಲ್ಲಿಸಬಹುದು. ಮರೆಯುವ ಸ್ವಭಾವದವರು ಒಂದೇ ಸಲ ಕೊಟ್ಟುಬಿಡಿ.

ದುಬೈಯಲ್ಲಿರುವ ತಮ್ಮನ ಕೈಲಿ ಕೊಡಿಸುವುದಾದರೆ ಒಂದು ಎಚ್ಚರ. ಸುದ್ದಿಸಂಸ್ಥೆಗಳು ವಿದೇಶಿ ದೇಣಿಗೆ ಪಡೆಯುವಂತಿಲ್ಲ. ಆದರೆ ವಿದೇಶದಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇದ್ದವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ತೊಂದರೆಯಿಲ್ಲ.