ಉಬ್ಬು ಹೆಣಿಗೆಯ ಹೊದಿಕೆಗೆ ನೂಲು: ರಥಬೀದಿಯ ಒಂದು ಅಂಗಡಿಯ ವಿಮರ್ಶೆ

ಮಂಗಳೂರಿನಲ್ಲಿ ಕ್ರೋಶಾ ಹೆಣಿಗೆಯ ನೂಲು ಮಾರುವ ಅಂಗಡಿಗಳಿಗೆ ಕೊರತೆಯಿಲ್ಲ. ಆದರೆ ಒಂದು ಕಿಲೋದಷ್ಟು ನೂಲು ಹಿಡಿಸುವ ಹೊದಿಕೆಯನ್ನು ಕೈಗೆತ್ತಿಕೊಳ್ಳುವವರು ಬೆಲೆ ವಿಚಾರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಇಂದು ಕೊಂಡ ಬಣ್ಣವೇ ಹೊದಿಕೆ ಮುಗಿಯುವವರೆಗೂ ಸಿಗುತ್ತದೆಯೇ? ರಥಬೀದಿಯಲ್ಲಿ, ವೆಂಕಟರಮಣ ದೇವಸ್ಥಾನದಿಂದ ತುಸು ಮುಂದಕ್ಕೆ ಇರುವ ಹೊಲಿಗೆ ಸಾಮಗ್ರಿಯ ಚಿಕ್ಕ ಅಂಗಡಿಯೊಂದು ಈ ಪ್ರಶ್ನೆಗೆ ಕೊಡುವ ಉತ್ತರ ನನಗೆ ತುಂಬ ಮೆಚ್ಚುಗೆಯಾಗಿದೆ. ಸಾಸಿವೆ, ಇಟ್ಟಿಗೆಗೆಂಪು, ಕಂದು, ಮಾಸಲು ಹಸಿರು ಸೇರಿದ, ಚಳಿದೇಶಗಳ ಎಲೆ ಉದುರುವ ಕಾಲದ ಬಣ್ಣಗಳ ಹೊದಿಕೆಯೊಂದಕ್ಕೆ ಬೇಕಾದ ನೂಲನ್ನೆಲ್ಲ ಅಲ್ಲಿಂದಲೇ ಕೊಂಡ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನೂಲಿಗೆ ಬಣ್ಣ ಹಾಕುವುದು ಒಂದೊಂದು ಕಂತಿನಲ್ಲಿ. ಉಂಡೆಗೆ ಸುತ್ತಿದ ಚೀಟಿಯಲ್ಲಿ ಬಣ್ಣದ ಸಂಖ್ಯೆಯ ಜೊತೆಗೆ ಆ ಕಂತಿನ ಲಾಟ್ ಸಂಖ್ಯೆಯೂ ಅಚ್ಚಾಗಿರುತ್ತದೆ. ಬಣ್ಣದ ಸಂಖ್ಯೆ ಒಂದೇ ಆಗಿದ್ದರೂ ಲಾಟ್ ಬೇರೆಯಾದರೆ ಛಾಯೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರಬಹುದು. ಉಂಡೆಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಕಣ್ಣಿಗೆ ಬೀಳದ ಆ ವ್ಯತ್ಯಾಸ, ಅಗಲವಾದ ಪಟ್ಟಿಯಾಗಿ ಹೆಣೆದು ಹಾಸಿದಾಗ ಗೆರೆ ಎಳೆದಂತೆ ಎದ್ದು ಕಾಣುತ್ತದೆ. ಈ ಅಂಗಡಿಯಲ್ಲಿ ಹೊದಿಕೆಗೆಂದು ನೂಲು ಕೇಳಿದರೆ, ಅವರು ಉಂಡೆಗಳನ್ನು ಚೀಲಕ್ಕೆ ತುಂಬಿಸುವ ಮೊದಲು ಪ್ರತಿಯೊಂದರ ಚೀಟಿಯನ್ನೂ ತಿರುಗಿಸಿ ಓದುತ್ತಾರೆ. ಸಾಸಿವೆ ಬಣ್ಣದ ಉಂಡೆಗಳಲ್ಲಿ ಒಂದು ಬೇರೆ ಲಾಟಿನದ್ದಾಗಿತ್ತು. ಅಂಗಡಿಯ ಯಜಮಾನರು ಅದನ್ನು ಪಕ್ಕಕ್ಕೆ ಸರಿಸಿ, "ಇದು ಬೇಡ ಅಕ್ಕ, ಈಗ ಗೊತ್ತಾಗುವುದಿಲ್ಲ, ಹಾಸಿದ ಮೇಲೆ ಗೊತ್ತಾಗ್ತದೆ" ಎಂದರು. ಅನಿವಾರ್ಯವಾದರೆ ಹಳೆಯ ಲಾಟಿನ ಉಂಡೆಯಿಂದ ಎರಡು ಸಾಲು, ಹೊಸದರಿಂದ ಎರಡು ಸಾಲು ಎಂದು ಬದಲಾಯಿಸುತ್ತ ಹೆಣೆದರೆ ಗೆರೆ ಕಾಣದೆ ಛಾಯೆಗಳು ಬೆರೆತುಹೋಗುತ್ತವೆ ಎಂಬ ಉಪಾಯವನ್ನೂ ಅವರೇ ಹೇಳಿಕೊಟ್ಟರು. ಬೇಕಾಗಬಹುದಾದ ಇನ್ನಷ್ಟು ಉಂಡೆಗಳನ್ನು ಮುಂಗಡವಿಲ್ಲದೆ ಹೆಸರು ಬರೆದು ತೆಗೆದಿಡುತ್ತಾರೆ. ಚೀಟಿ ಹರಿಯದ ಉಂಡೆ ಮಿಕ್ಕರೆ ಹಿಂದಕ್ಕೂ ಪಡೆಯುತ್ತಾರೆ. ಉಬ್ಬು ಹೆಣಿಗೆಗೆ ಎಷ್ಟು ನೂಲು ಬೇಕಾದೀತೆಂದು ಮೊದಲೇ ಲೆಕ್ಕ ಹಾಕುವುದು ಬಹಳ ಕಷ್ಟವಾದ್ದರಿಂದ ಇದು ನಿಜಕ್ಕೂ ದೊಡ್ಡ ಉಪಕಾರ.

ಆ ಕಷ್ಟ ಏಕೆಂದು ಹೆಣಿಗೆಗೆ ಹೊಸಬರಾದವರಿಗೆ ಹೇಳಬೇಕು. ಬಾಬಲ್ ಎಂಬ ಉಬ್ಬನ್ನು ಮಾಡುವಾಗ ಒಂದೇ ಹೊಲಿಗೆಯ ತೂತಿನಲ್ಲಿ ಸಾಮಾನ್ಯವಾಗಿ ಐದು ಡಬಲ್ ಕ್ರೋಶಾಗಳನ್ನು (ಕಂಬದಂತೆ ಎತ್ತರವಾಗಿ ನಿಲ್ಲುವ ಹೊಲಿಗೆಗಳನ್ನು) ಅರ್ಧಕ್ಕೇ ನಿಲ್ಲಿಸಿ, ಕಡ್ಡಿಯ ಮೇಲೆ ಉಳಿದ ಕುಣಿಕೆಗಳನ್ನೆಲ್ಲ ಕೊನೆಗೆ ಒಟ್ಟಾಗಿ ಎಳೆದು ಮುಚ್ಚಬೇಕು. ಹೊದಿಕೆಯ ಹಿಂಬದಿ ನಮ್ಮ ಕಡೆಗಿರುವ ಸಾಲಿನಲ್ಲಿ ಇದನ್ನು ಮಾಡಿದರೆ ಉಬ್ಬು ಮುಂಬದಿಗೆ ತಾನಾಗಿ ಹೊರಚಿಮ್ಮುತ್ತದೆ. ವಾಫಲ್ ಹೆಣಿಗೆಯಲ್ಲಿ ಕಡ್ಡಿಯನ್ನು ಹೊಲಿಗೆಯ ತಲೆಗೆ ಚುಚ್ಚದೆ, ಕೆಳಗಿನ ಸಾಲಿನ ಡಬಲ್ ಕ್ರೋಶಾದ ಕಂಬವನ್ನು ಮುಂದಿನಿಂದ ಬಳಸಿ ತೆಗೆಯುತ್ತೇವೆ. ಹಾಗೆ ಎದ್ದುನಿಂತ ಕಂಬಗಳು ಚೌಕಟ್ಟಾಗಿ, ನಡುವಿನ ಭಾಗ ಗುಳಿಯಾಗುತ್ತದೆ. ಎರಡೂ ವಿಧಾನಗಳಲ್ಲಿ ನೂಲು ಅಗಲಕ್ಕೆ ಹರಡದೆ ದಪ್ಪಕ್ಕೆ ಸೇರುವುದರಿಂದ, ಸಾದಾ ಹೆಣಿಗೆಯ ಲೆಕ್ಕವನ್ನು ನಂಬಿ ಕೊಂಡ ನೂಲು ಇಲ್ಲಿ ಖಂಡಿತವಾಗಿ ಸಾಲದು. ಮಧ್ಯಮ ದಪ್ಪದ ನೂಲಿನಲ್ಲಿ, 5 ಮಿಲಿಮೀಟರ್ ಕಡ್ಡಿಯಿಂದ, ಸುಮಾರು 100 ಸೆಂಟಿಮೀಟರ್ ಅಗಲ, 125 ಸೆಂಟಿಮೀಟರ್ ಉದ್ದದ ಹೊದಿಕೆ ಹೆಣೆಯುವವರು 1 ಕಿಲೋಗಿಂತ ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳುವುದು ಕ್ಷೇಮ. ಮೊದಲು ಅಂಗೈಯಗಲದ ಮಾದರಿ ತುಂಡೊಂದನ್ನು ಹೆಣೆದು ತೂಗಿ ನೋಡಿದರೆ ಅಂದಾಜು ಇನ್ನೂ ಹತ್ತಿರ ಬರುತ್ತದೆ.

ಅಂಗಡಿಯಲ್ಲಿ ಇರುವುದು ಹೆಚ್ಚಾಗಿ ಅಕ್ರಿಲಿಕ್ ನೂಲು. ಹತ್ತಿ ಮತ್ತು ಅಕ್ರಿಲಿಕ್ ಬೆರೆತದ್ದು ಸ್ವಲ್ಪ ಮಟ್ಟಿಗೆ. ಶುದ್ಧ ಉಣ್ಣೆ ಇಲ್ಲ. ಕರಾವಳಿಯ ಮಟ್ಟಿಗೆ ಉಣ್ಣೆ ಇಲ್ಲದಿರುವುದನ್ನು ಕೊರತೆಯೆಂದು ನಾನು ಎಣಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಕಪಾಟಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವ ಊರು ನಮ್ಮದು. ಇಲ್ಲಿ ಉಣ್ಣೆಯ ಹೊದಿಕೆಯನ್ನು ಹುಳದಿಂದಲೂ ಬೂಷ್ಟಿನಿಂದಲೂ ಕಾಪಾಡುವುದೇ ಒಂದು ಕೆಲಸವಾಗುತ್ತದೆ. ಬರಿಯ ಹತ್ತಿಯಾದರೆ ಉಬ್ಬು ಹೆಣಿಗೆಯಲ್ಲಿ ಭಾರ ಹೆಚ್ಚಿ, ಒದ್ದೆಯಾದಾಗ ಜೋತುಬಿದ್ದು, ಒಣಗಲು ಬಹಳ ಹೊತ್ತು ಹಿಡಿಯುತ್ತದೆ. ಅಕ್ರಿಲಿಕ್ ಹಗುರ, ಬೇಗ ಒಣಗುತ್ತದೆ, ಬೆಲೆಯೂ ಕಡಿಮೆ. ಆದರೆ ಮೈಗೆ ಸೆಕೆ, ಮತ್ತು ಬಿಸಿ ಇಸ್ತ್ರಿ ತಾಗಿಸಿದರೆ ಉಬ್ಬೆಲ್ಲ ಚಪ್ಪಟೆಯಾಗಿ ಮತ್ತೆ ಏಳುವುದೇ ಇಲ್ಲ. ಈ ಕಾರಣಗಳಿಂದ, ಬೆಲೆ ಹೆಚ್ಚಾದರೂ ಬೆರಕೆ ನೂಲನ್ನೇ ನಾನು ಶಿಫಾರಸು ಮಾಡುತ್ತೇನೆ. ಅದನ್ನು ಆರಿಸುವಾಗ ಯಜಮಾನರು ಮಾಡಿ ತೋರಿಸುವ ಪರೀಕ್ಷೆಯೊಂದಿದೆ: ನೂಲಿನ ತುದಿಯನ್ನು ಗೇಣುದ್ದ ಎಳೆದು, ಎರಡು ಬೆರಳುಗಳ ನಡುವೆ ಹುರಿಯ ವಿರುದ್ಧ ದಿಕ್ಕಿಗೆ ತಿರುಗಿಸಿ ಎಳೆಗಳನ್ನು ಬಿಡಿಸುತ್ತಾರೆ, ಬಳಿಕ ಕೈ ಸಡಿಲಿಸುತ್ತಾರೆ. ಎಳೆಗಳು ತಾವಾಗಿ ಮತ್ತೆ ಸುತ್ತಿಕೊಂಡರೆ ಹುರಿ ಬಿಗಿ ಇದೆ ಎಂದರ್ಥ. ಬಿಚ್ಚಿದಂತೆಯೇ ಉಳಿದರೆ ಬಾಬಲ್ ಮುಚ್ಚುವಾಗ ಕಡ್ಡಿಯ ಕೊಕ್ಕೆ ಎಳೆಗಳ ನಡುವೆ ಸಿಕ್ಕಿಕೊಳ್ಳುವುದು ಖಚಿತ.

ಬಣ್ಣಗಳ ವಿಷಯಕ್ಕೆ ಬಂದರೆ, ಇಲ್ಲಿನ ಸಂಗ್ರಹ ಮೊದಲ ನೋಟಕ್ಕೆ ನಿರಾಸೆ ತರಬಹುದು. ಮಕ್ಕಳ ಸ್ವೆಟರ್ ಮತ್ತು ಟೋಪಿಗೆ ಹೊಂದುವ ಗುಲಾಬಿ, ನೀಲಿ, ನಿಂಬೆ ಹಳದಿಗಳೇ ಮುಂದಿನ ಸಾಲಿನಲ್ಲಿ ತುಂಬಿರುತ್ತವೆ. ಕೇಳಿದರೆ ಮಾತ್ರ ಒಳಗಿನಿಂದ ಮಾಸಲು ಬಣ್ಣಗಳ ಚೀಲಗಳು ಬರುತ್ತವೆ. ಪಾಶ್ಚಾತ್ಯ ಮಾದರಿಗಳಲ್ಲಿ ಮೇಪಲ್ ಎಲೆಯ ಉರಿಗೆಂಪನ್ನು ಹುಡುಕುತ್ತಾರೆ. ನಮ್ಮಲ್ಲಿ ಆ ಮರವಿಲ್ಲ. ಶಿಶಿರದಲ್ಲಿ ಎಲೆ ಕೆಂಪಾಗಿಸಿ ಉದುರಿಸುವ ಕಾಡುಬಾದಾಮಿಯಿದೆ, ಬಾಸೆಲ್ ಮಿಷನ್ 1865ರಲ್ಲಿ ಇಲ್ಲಿ ಕಾರ್ಖಾನೆ ತೆರೆದ ಕಾಲದಿಂದ ಊರಿನ ಮಾಡುಗಳಿಗೆ ಹೊದೆಸಿದ ಹಂಚಿನ ಕೆಂಪಿದೆ. ಹಂಚಿನ ಬಣ್ಣ ಎಂದು ಕೇಳಿದಾಗ ಯಜಮಾನರು ತಂದಿಟ್ಟ ಉಂಡೆ, ಮಾದರಿಯ ಚಿತ್ರದಲ್ಲಿದ್ದ ಕೆಂಪಿಗಿಂತ ತುಸು ಮಂದವಾಗಿದ್ದು, ಸಾಸಿವೆಯ ಪಕ್ಕದಲ್ಲಿ ಅದಕ್ಕಿಂತ ಚೆನ್ನಾಗಿ ಒಪ್ಪಿತು. ಇನ್ನೊಂದು ಮಾತನ್ನೂ ಹೇಳಬೇಕು. ಕಾಫಿ ಕಂದು, ದಟ್ಟ ಮರೂನ್‌ಗಳಲ್ಲಿ ಉಬ್ಬಿನ ನೆರಳು ಕಾಣುವುದಿಲ್ಲ. ಪಟ್ಟ ಶ್ರಮವೆಲ್ಲ ಕತ್ತಲೆಯಲ್ಲಿ ಕರಗಿಹೋಗುತ್ತದೆ. ಬಾಬಲ್ ಮತ್ತು ವಾಫಲ್ ಪಟ್ಟಿಗಳಿಗೆ ಕೆನೆ, ಸಾಸಿವೆ, ಹಂಚಿನ ಕೆಂಪನ್ನು ಇಟ್ಟುಕೊಂಡು, ಗಾಢ ಬಣ್ಣಗಳನ್ನು ನಡುನಡುವಿನ ಸಾದಾ ಸಾಲುಗಳಿಗೆ ಮೀಸಲಿಡಬೇಕು.

ಇದಕ್ಕೆ ಮೊದಲು ಇಂಥದೇ ಬಣ್ಣಗಳ ಹೊದಿಕೆಯ ಕಿಟ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ಅದರಲ್ಲಿ ಕಂದು ಬಣ್ಣದ ಉಂಡೆಗಳು ಎರಡು ಲಾಟಿನವಾಗಿದ್ದವು. ದೂರು ಕೊಟ್ಟಾಗ ಬಂದ ಉತ್ತರ, ಬಣ್ಣದ ಸಂಖ್ಯೆ ಒಂದೇ ಇದೆ ಎಂದಷ್ಟೇ. ಆ ಕಿಟ್ಟಿನ ಬೆಲೆಗೆ ಹೋಲಿಸಿದರೆ ರಥಬೀದಿಯ ದರ ಬಹಳ ನ್ಯಾಯವಾದದ್ದು: 100 ಗ್ರಾಮಿನ ಅಕ್ರಿಲಿಕ್ ಉಂಡೆ ನೂರು ರೂಪಾಯಿಯ ಆಸುಪಾಸಿನಲ್ಲಿದೆ.

ಅಂಗಡಿಯ ಕೊರತೆಗಳನ್ನೂ ಹೇಳಲೇಬೇಕು. ಒಳಗೆ ಟ್ಯೂಬ್‌ಲೈಟಿನ ಬೆಳಕು ಮಾತ್ರ ಇರುವುದರಿಂದ ಕಂದು ಮತ್ತು ಮಾಸಲು ಹಸಿರು ಒಂದೇ ರೀತಿ ಕಾಣುತ್ತವೆ. ಉಂಡೆಯನ್ನು ಮೆಟ್ಟಿಲವರೆಗೆ ತಂದು ಹಗಲಿನ ಬೆಳಕಿನಲ್ಲಿ ನೋಡಲು ಕೇಳಿದರೆ ಅವರು ಬೇಡವೆನ್ನುವುದಿಲ್ಲ. ಇಲ್ಲಿ ಹೆಚ್ಚು ಮಾರಾಟವಾಗುವುದು ಲೇಸಿನ ಸಣ್ಣ ಕಡ್ಡಿಗಳು. ಹೊದಿಕೆಗೆ ಬೇಕಾದ 5, 5.5 ಮಿಲಿಮೀಟರ್ ಕಡ್ಡಿಗಳು ಕೆಲವೊಮ್ಮೆ ಮುಗಿದಿರುತ್ತವೆ, ಹಿಡಿಗೆ ಮೆತ್ತೆ ಇರುವ ಕಡ್ಡಿಯಂತೂ ಸಿಗುವುದೇ ಇಲ್ಲ. ದಿನವೂ ಗಂಟೆಗಟ್ಟಲೆ ಹೆಣೆಯುವವರ ಬೆರಳಿಗೆ ಆ ಮೆತ್ತೆ ಬಹಳ ಮುಖ್ಯವಾದ್ದರಿಂದ ಅದನ್ನು ತರಿಸಿಡಬೇಕೆಂದು ಅವರಲ್ಲಿ ವಿನಂತಿಸಿದ್ದೇನೆ. ಬೆರಕೆ ನೂಲಿನಲ್ಲಿ ಮಾಸಲು ಹಸಿರು ಇಲ್ಲ. ಅದೊಂದನ್ನು ನಾನು ಅಕ್ರಿಲಿಕ್‌ನಲ್ಲೇ ಕೊಳ್ಳಬೇಕಾಯಿತು.

ರಥಬೀದಿಯಲ್ಲಿ ವಾಹನ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಹಂಪನಕಟ್ಟೆಯಲ್ಲಿ ಬಸ್ಸಿನಿಂದ ಇಳಿದು ನಡೆದು ಬರುವುದೇ ಸುಲಭ. ಕೊಡಿಯಾಲ್ ತೇರಿನ ದಿನಗಳಲ್ಲಿ ಆ ಬೀದಿಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲವಾದ್ದರಿಂದ ಆಗ ಹೋಗದಿರುವುದು ಒಳ್ಳೆಯದು. ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ. ಬೆಳಗ್ಗೆ ಬೇಗ ಹೋದರೆ ಯಜಮಾನರಿಗೆ ಬಿಡುವಿರುತ್ತದೆ, ಉಂಡೆಗಳನ್ನು ಬೆಳಕಿಗೆ ಹಿಡಿದು ನೋಡಲು ಮೆಟ್ಟಿಲ ಮೇಲೆ ಬಿಸಿಲೂ ಇರುತ್ತದೆ. ಹಿಂದೆ ಕೊಂಡ ಉಂಡೆಯ ಚೀಟಿ ಮನೆಯಲ್ಲಿದ್ದರೆ ಅದನ್ನು ಕೊಂಡೊಯ್ಯಿರಿ. ಲಾಟ್ ಸಂಖ್ಯೆ ನೋಡಿ, ಅದೇ ಕಂತಿನ ನೂಲು ಉಳಿದಿದೆಯೇ ಎಂದು ಅವರು ಕಪಾಟಿನಲ್ಲಿ ಹುಡುಕಿ ಹೇಳುತ್ತಾರೆ.